ಜಡೆಯ ನೆರಳು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗ ನಕ್ಕು ಸುಮ್ಮನಾದೆ. “ಬಟನ್ ಒತ್ತೋ ಕೆಲಸಕ್ಕೆ ಇಷ್ಟೊಂದು ಫಿಸಿಕ್ಸ್ ಯಾಕೆ ದೊಡ್ಡಪ್ಪ?” ರಾತ್ರಿ ಮಲಗಿದ ಮೇಲೆ ಅದೇ ಮಾತು ಕೊರೆಯತೊಡಗಿತು. ಹೊಸದಾಗಿ ಎಕ್ಸ್‌ರೇ ಕೆಲಸಕ್ಕೆ ಸೇರಿದಾಗ ನಾನೂ ಹಾಗೇ ಅಂದುಕೊಂಡಿದ್ದವನೇ. ಅದರ ದಂಡ ತೆತ್ತಿದ್ದು ಮಾತ್ರ ನಾನಲ್ಲ. ಆ ಕತೆ ಆಮೇಲೆ ಹೇಳುತ್ತೇನೆ. ನಿನ್ನ ಹಾಗೆ ಇಮೇಜಿಂಗ್ ಕೋರ್ಸಿಗೆ ಸೇರಿರುವ ಬೇರೆ ಮಕ್ಕಳೂ ಓದಲಿ ಅಂತ ಈ ಕಾಗದವನ್ನು ಪತ್ರಿಕೆಗೇ ಕೊಡುತ್ತಿದ್ದೇನೆ.

ಎಕ್ಸ್‌ರೇ ಅಂದರೆ ಫೋಟೋ ಅಲ್ಲ ಕಣೇ. ‘ಎದೆ ಫೋಟೋ ತೆಗೀರಿ ಸಾರ್’ ಅಂತ ರೋಗಿಗಳು ಅನ್ನುತ್ತಾರೆ, ಅನ್ನಲಿ. ಫೋಟೋದಲ್ಲಿ ಬೆಳಕು ಮೈಮೇಲೆ ಬಿದ್ದು ವಾಪಸ್ ಬರುತ್ತದೆ. ಇಲ್ಲಿ ಕಿರಣ ಮೈಯೊಳಗೆ ಹಾದು ಆಚೆ ಬರುತ್ತದೆ. ಹಾದಿಯಲ್ಲಿ ಮೂಳೆ ಬಹಳಷ್ಟನ್ನು ನುಂಗುತ್ತದೆ, ಮಾಂಸ ಸ್ವಲ್ಪ, ಶ್ವಾಸಕೋಶದ ಗಾಳಿ ಏನೇನೂ ಇಲ್ಲ ಅನ್ನುವಷ್ಟು. ಉಳಿದದ್ದು ಆಚೆಗಿಟ್ಟ ಪ್ಲೇಟಿಗೆ ಬೀಳುತ್ತದೆ. ಅಂದರೆ ನೀನು ತೆಗೆಯುವುದು ನೆರಳು. ನೆರಳಿನ ಸ್ವಭಾವ ನಿನಗೆ ಗೊತ್ತೇ ಇದೆ. ಕರೆಂಟ್ ಹೋದಾಗ ಮೇಣದಬತ್ತಿಯ ಮುಂದೆ ಕೈಯಿಟ್ಟು ಗೋಡೆ ಮೇಲೆ ಜಿಂಕೆ, ನಾಯಿ ಮಾಡುತ್ತಿದ್ದೆಯಲ್ಲ? ಕೈ ದೀಪದ ಹತ್ತಿರ ಹೋದಷ್ಟೂ ನೆರಳು ದೊಡ್ಡದು, ಅಂಚು ಮಸುಕು. ಗೋಡೆಗೆ ತಾಗುವಂತಿದ್ದರೆ ಕೈಯಷ್ಟೇ ಅಳತೆ, ಅಂಚು ಚೂಪು. ಎದೆಯನ್ನು ಪ್ಲೇಟಿಗೆ ಆನಿಸಿ, ಬೆನ್ನನ್ನು ಕಿರಣ ಹೊಮ್ಮುವ ಟ್ಯೂಬಿಗೆ ಮಾಡಿ, ಟ್ಯೂಬನ್ನು 180 ಸೆಂಟಿಮೀಟರ್ ದೂರಕ್ಕೆ ಎಳೆಯುವುದು ಇದಕ್ಕೇ. ಹೃದಯ ಇರುವುದು ಎದೆಯ ಮುಂಭಾಗದಲ್ಲಿ. ಎದ್ದು ನಿಲ್ಲಲಾರದವರನ್ನು ಅಂಗಾತ ಮಲಗಿಸಿ ಒಂದು ಮೀಟರಿನಿಂದ ತೆಗೆದರೆ ಗಟ್ಟಿಮುಟ್ಟಾದವನ ಹೃದಯವೂ ಊದಿಕೊಂಡ ಹಾಗೆ ಕಾಣುತ್ತದೆ. ಹಾಗೆ ತೆಗೆದಾಗ ‘ಎಪಿ’ (ಕಿರಣ ಎದೆಯಿಂದ ಬೆನ್ನಿಗೆ ಹಾದದ್ದು) ಅಂತ ಗುರುತು ಹಾಕುವುದನ್ನು ಮರೆತೆಯೋ, ಇಲ್ಲದ ಕಾಯಿಲೆಗೆ ಆ ಮನುಷ್ಯ ಜಿಲ್ಲಾಸ್ಪತ್ರೆಗೆ ಅಲೆಯುತ್ತಾನೆ.

ಇನ್ನು ನಿನ್ನ ಬಟನ್. ಅದು ಒಂದೇ ಒತ್ತಲ್ಲ, ಎರಡು ಹಂತ. ಮೊದಲ ಹಂತಕ್ಕೆ ಟ್ಯೂಬಿನೊಳಗೆ ‘ಗುಂಯ್’ ಅಂತ ಸದ್ದು ಏಳುತ್ತದೆ. ಆನೋಡ್ ತಟ್ಟೆ ನಿಮಿಷಕ್ಕೆ ಸುಮಾರು 3,000 ಸುತ್ತಿನ ವೇಗ ಹಿಡಿಯುತ್ತದೆ, ಫಿಲಮೆಂಟ್ ಕಾದು ಎಲೆಕ್ಟ್ರಾನ್‌ಗಳು ಸಿದ್ಧವಾಗುತ್ತವೆ. ತಟ್ಟೆ ಯಾಕೆ ತಿರುಗಬೇಕು? ಎಲೆಕ್ಟ್ರಾನ್‌ಗಳು ಬಂದು ಅಪ್ಪಳಿಸಿದಾಗ ಅವುಗಳ ಶಕ್ತಿಯಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಎಕ್ಸ್‌ರೇ ಆಗುವುದು. ಮಿಕ್ಕ ತೊಂಬತ್ತೊಂಬತ್ತು ಪಾಲು ಬರೀ ಶಾಖ. ಒಂದೇ ಜಾಗಕ್ಕೆ ಬಿದ್ದರೆ ಟಂಗ್‌ಸ್ಟನ್ನೂ ಕರಗುತ್ತದೆ. ಚಳಿಗಾಲದ ಬೆಳಿಗ್ಗೆ ತಣ್ಣಗಿರುವ ಟ್ಯೂಬಿಗೆ ಏಕಾಏಕಿ ಸೊಂಟದ ಎಕ್ಸ್‌ಪೋಷರ್ ಕೊಟ್ಟರೆ ತಟ್ಟೆ ಸೀಳುವುದೂ ಉಂಟು. ಅದಕ್ಕೇ ಬೆಳಿಗ್ಗೆ ಮೊದಲು ಎರಡು ಮೂರು ಸಣ್ಣ ಎಕ್ಸ್‌ಪೋಷರ್ ಕೊಟ್ಟು ಟ್ಯೂಬ್ ಬಿಸಿ ಮಾಡಿಕೋ. ಎರಡನೇ ಹಂತ ಒತ್ತುವ ಮುಂಚಿನ ಆ ಒಂದೆರಡು ಸೆಕೆಂಡು ನಿನ್ನ ಕಣ್ಣು ಮೀಟರಿನ ಮೇಲಿರಬಾರದು, ಗಾಜಿನಾಚೆ ನಿಂತವರ ಭುಜದ ಮೇಲಿರಬೇಕು. “ಉಸಿರು ಎಳಕೊಳ್ಳಿ, ಹಿಡ್ಕೊಳ್ಳಿ” ಅಂದ ಮೇಲೂ ಎಷ್ಟೋ ಅಜ್ಜಂದಿರು “ಆಂ? ಏನಂದೆ?” ಅಂತ ತಿರುಗಿ ನೋಡುತ್ತಾರೆ.

ಕೆವಿ, ಎಂಎಎಸ್ ಎರಡೂ ಕಲಸಿಹೋಗುತ್ತವೆ ಅಂದೆಯಲ್ಲ. ಕೆವಿ ಅಂದರೆ ಕಿರಣದ ಕಸುವು, ಎಷ್ಟು ದಪ್ಪ ತೂರಿ ಆಚೆ ಹೋಗಬಲ್ಲದು ಅನ್ನುವುದು. ಎಂಎಎಸ್ ಅಂದರೆ ಎಷ್ಟು ಕಿರಣ ಅನ್ನುವ ಲೆಕ್ಕ. ಕೈಗೆ 50 ಕೆವಿ ಸುತ್ತಮುತ್ತ ಸಾಕು. ಹೊಟ್ಟೆಗೆ 75–80 ಬೇಕು. ಕಸುವಿಲ್ಲದ ಕಿರಣವನ್ನು ಎಷ್ಟು ಸುರಿದರೂ ದಪ್ಪ ಸೊಂಟದ ಆಚೆ ಬರುವುದಿಲ್ಲ. ಚರ್ಮದಲ್ಲೇ ಇಂಗಿ ರೋಗಿಗೆ ಡೋಸ್ ಕೂಡುತ್ತದೆ, ಪ್ಲೇಟಿಗೆ ಏನೂ ದಕ್ಕುವುದಿಲ್ಲ. ಕೆವಿಯನ್ನು ನೂರಕ್ಕೆ 15ರಷ್ಟು ಏರಿಸಿದರೆ ಎಂಎಎಸ್ ಇಮ್ಮಡಿ ಮಾಡಿದಷ್ಟೇ ಫಿಲ್ಮ್ ಕಪ್ಪಾಗುತ್ತದೆ. ಈ ಒಂದು ಲೆಕ್ಕ ನನ್ನ ಸರ್ವಿಸಿನುದ್ದಕ್ಕೂ ಊಟ ಹಾಕಿದೆ.

ಇನ್ನು ಒಡವೆಯ ವಿಷಯ. ರಂಟ್‌ಜನ್ 1895ರ ನವೆಂಬರಿನಲ್ಲಿ ಜರ್ಮನಿಯ ವುರ್ಟ್ಸ್‌ಬುರ್ಗ್‌ನಲ್ಲಿ ಈ ಕಿರಣ ಕಂಡುಹಿಡಿದು, ಡಿಸೆಂಬರಿನಲ್ಲಿ ಹೆಂಡತಿಯ ಕೈಯ ಎಕ್ಸ್‌ರೇ ತೆಗೆದ. ಬೆರಳ ಮೂಳೆಯ ಸುತ್ತ ಉಂಗುರ ಕಪ್ಪಗೆ ಕೂತಿದೆ ಅದರಲ್ಲಿ. ಲೋಕಪ್ರಸಿದ್ಧ ಎಕ್ಸ್‌ರೇಯಲ್ಲೇ ಒಡವೆ ತೆಗೆಸಿರಲಿಲ್ಲ ನೋಡು! ನಮ್ಮಲ್ಲಿ ಉಂಗುರ ಸುಲಭ. ಉಡಿದಾರದ ತಾಯತ, ಸರ, ತಾಳಿ ಇವುಗಳದ್ದೇ ಕಷ್ಟ. ತಾಳಿ ಬಿಚ್ಚಿ ಅಂತ ಜೋರು ಮಾಡಬೇಡ. ಮೇಲಕ್ಕೆತ್ತಿ ಗಲ್ಲದ ಹತ್ತಿರ ಹಿಡಿದುಕೊಳ್ಳಲು ಹೇಳು, ಎದೆಯಿಂದ ಆಚೆ ಹೋದರೆ ಸಾಕು.

ನನ್ನ ಕತೆ ಇರುವುದೂ ಇಲ್ಲೇ. ಎರಡು ವಾರದಿಂದ ಕೆಮ್ಮು ಅಂತ ಪಿಯುಸಿ ಓದುವ ಹುಡುಗಿಯೊಬ್ಬಳು ಬಂದಳು. ತಲೆಗೆ ನೀರು ಹಾಕಿಕೊಂಡು ಬಂದಿದ್ದಳು, ಒದ್ದೆ ಜಡೆ, ದಪ್ಪನೆಯದು. ಸರ ತೆಗೆಸಿದೆ, ಜಡೆಯನ್ನು ನೋಡಲಿಲ್ಲ. ಕೂದಲಲ್ಲಿ ಲೋಹವೇನಿದೆ ಅಂತ. ಫಿಲ್ಮ್ ತೊಳೆದು ಹ್ಯಾಂಗರಿಗೆ ಹಾಕಿದಾಗ ಬಲ ಶ್ವಾಸಕೋಶದ ತುದಿಯಲ್ಲಿ ಬಿಳಿ ಮಬ್ಬು. ಟಿಬಿ ಗೂಡು ಕಟ್ಟುವುದೂ ಅಲ್ಲೇ. ಡಾಕ್ಟರು ಅನುಮಾನ ಬರೆದರು. ಕಫದಲ್ಲಿ ಏನೂ ಸಿಗಲಿಲ್ಲ, ಆದರೂ ಮನೆಯಲ್ಲಿ ಅವಳಿಗೆ ತಟ್ಟೆ ಲೋಟ ಬೇರೆಯಾಯಿತು, ಹಾಸಿಗೆ ಪಡಸಾಲೆಗೆ ಬಂತು. ವಾರಕ್ಕೊಮ್ಮೆ ಬರುತ್ತಿದ್ದ ರೇಡಿಯಾಲಜಿಸ್ಟ್ ಹನ್ನೆರಡನೇ ದಿನ ಆ ಫಿಲ್ಮನ್ನು ಬೆಳಕಿಗೆ ಹಿಡಿದರು. ಬೆರಳಿಟ್ಟು ತೋರಿಸಿದರು: ಮಬ್ಬು ಶ್ವಾಸಕೋಶದ ಗಡಿಯಲ್ಲಿ ನಿಂತಿಲ್ಲ, ಕಾಲರ್ ಮೂಳೆ ದಾಟಿ ಕತ್ತಿನವರೆಗೆ ಹೋಗಿದೆ, ಒಳಗೆ ಎಳೆಎಳೆ ಗೆರೆ ಇದೆ. “ಹುಡುಗಿಗೆ ಜಡೆ ಇತ್ತೇನ್ರೀ?” ಅಂದರು. ಜಡೆ ಮೇಲಕ್ಕೆ ಕಟ್ಟಿಸಿ ಮತ್ತೆ ತೆಗೆದೆ. ಎದೆ ಕ್ಲೀನಾಗಿತ್ತು. ಡಾಕ್ಟರು ನನಗೆ ಏನೂ ಅನ್ನಲಿಲ್ಲ. ಅವಳ ಅಜ್ಜಿ ಅಂದರು. ಅದನ್ನು ಇಲ್ಲಿ ಬರೆಯುವಂತಿಲ್ಲ.

ನಿನ್ನ ಕಾಲದ ಅಪಾಯ ಬೇರೆ ಥರದ್ದು. ನಮಗೆ ಎಕ್ಸ್‌ಪೋಷರ್ ಹೆಚ್ಚಾದರೆ ಫಿಲ್ಮ್ ಕಾಡಿಗೆಯಾಗಿ ಮುಖಕ್ಕೆ ರಾಚುತ್ತಿತ್ತು. ಡಿಜಿಟಲ್ಲಿನಲ್ಲಿ ಕಡಿಮೆ ಕೊಟ್ಟರೆ ಚಿತ್ರ ಮರಳು ಮರಳಾಗುತ್ತದೆ, ಹೆಚ್ಚು ಕೊಟ್ಟರೆ ಕಂಪ್ಯೂಟರ್ ತಾನೇ ತಿದ್ದಿ ಚಂದ ಮಾಡಿ ತೋರಿಸುತ್ತದೆ. ಹಾಗಾಗಿ ‘ಇರಲಿ’ ಅಂತ ಎಲ್ಲರೂ ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ. ಪರದೆಯ ಮೂಲೆಯಲ್ಲಿ ಎಕ್ಸ್‌ಪೋಷರ್ ಇಂಡೆಕ್ಸ್ ಅಂತ ಒಂದು ಅಂಕಿ ಇರುತ್ತದೆ. ಚಿತ್ರ ನೋಡುವ ಮೊದಲು ಅದನ್ನು ನೋಡು.

“ಇದರಿಂದ ಕ್ಯಾನ್ಸರ್ ಬರುತ್ತಾ?” ಅಂತ ದಿನಕ್ಕೊಬ್ಬರಾದರೂ ಕೇಳುತ್ತಾರೆ. ಎದೆಯ ಒಂದು ಎಕ್ಸ್‌ರೇಯಲ್ಲಿ ಸುಮಾರು 0.02 ಮಿಲಿಸೀವರ್ಟ್ ಡೋಸ್. ಮಣ್ಣು, ಗಾಳಿ, ಆಕಾಶದಿಂದ ನಮಗೆ ವರ್ಷಕ್ಕೆ ಸರಾಸರಿ 2.4 ಬಂದೇ ಬರುತ್ತದೆ. ಅಂದರೆ ಇದು ಮೂರು ದಿನದ ಬಾಬತ್ತು. ಹೊಟ್ಟೆಯ ಸಿಟಿ ಸ್ಕ್ಯಾನಿಗೆ ಮಾತ್ರ ಸುಮಾರು 8, ಅದು ಮೂರು ವರ್ಷಕ್ಕೂ ಮೀರಿದ್ದು. ಎರಡಕ್ಕೂ ಒಂದೇ ಉತ್ತರ ಕೊಡಬೇಡ. ನಿನ್ನ ಬಗ್ಗೆಯೂ ಎಚ್ಚರ ಇರಲಿ. ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಎಕ್ಸ್‌ರೇ ಟ್ಯೂಬುಗಳನ್ನು ತನ್ನ ಕೈಯನ್ನೇ ಅಡ್ಡ ಹಿಡಿದು ಪರೀಕ್ಷಿಸುತ್ತಿದ್ದ. ಕೈಗಳನ್ನು ಕತ್ತರಿಸಿದರೂ 1904ರಲ್ಲಿ ತೀರಿಕೊಂಡ. ನಿನಗೆ ಬಿದ್ದ ಡೋಸ್ ಅಳೆಯುವ ಟಿಎಲ್‌ಡಿ ಬ್ಯಾಡ್ಜನ್ನು ಲೆಡ್ ಏಪ್ರನ್ನಿನ ಒಳಗೆ, ಎದೆಯ ಹತ್ತಿರ ಹಾಕಿಕೋ. ನನ್ನ ಜೊತೆಯವನೊಬ್ಬ ಅದನ್ನು ಎಕ್ಸ್‌ರೇ ರೂಮಿನ ಮೊಳೆಗೇ ತಗುಲಿಸಿ ಮನೆಗೆ ಹೋಗುತ್ತಿದ್ದ. ಮೂರು ತಿಂಗಳ ರಿಪೋರ್ಟ್ ಬಂದಾಗ ವಿವರಣೆ ಕೇಳಿ ಪತ್ರವೂ ಬಂತು. ಇನ್ನು ಬಸಿರಿರಬಹುದೇ ಅಂತ ತಿಳಿಯಲು ಹೆಣ್ಣುಮಕ್ಕಳನ್ನು ‘ಮುಟ್ಟು ಯಾವಾಗ ಆಗಿತ್ತು’ ಅಂತ ಕೇಳಲೇಬೇಕು. ಜೊತೆಗೆ ಬಂದ ಗಂಡಸರನ್ನು ಆಚೆ ಕಳಿಸಿ ಕೇಳು. ನಾನು ಕೇಳಿದಾಗ ನೆಲ ನೋಡುತ್ತಿದ್ದವರು ನಿನಗೆ ಹೇಳುತ್ತಾರೆ; ಈ ಕೆಲಸಕ್ಕೆ ನಿನ್ನಂಥವರು ಹೆಚ್ಚು ಬರಲಿ ಅನ್ನುವುದು ಇದಕ್ಕೂ ಹೌದು.

ಒಂದು ಮಾತು ಮರೆತೆ. ನಾಣ್ಯ ನುಂಗಿದೆ ಅಂತ ಮಗುವನ್ನು ಎತ್ತಿಕೊಂಡು ಬಂದಾಗ ಕತ್ತಿನಿಂದ ಹೊಟ್ಟೆಯವರೆಗೆ ತೆಗಿ. ದುಂಡಗಿನ ನೆರಳು ಸಿಕ್ಕಿತು ಅಂತ ಸಮಾಧಾನ ಪಡಬೇಡ, ದೊಡ್ಡದು ಮಾಡಿ ಅಂಚು ನೋಡು. ಅಂಚಿನೊಳಗೆ ಇನ್ನೊಂದು ಉಂಗುರ ಕಂಡರೆ ಅದು ನಾಣ್ಯವಲ್ಲ, ರಿಮೋಟಿನ ಬಟನ್ ಸೆಲ್. ಅನ್ನನಾಳದಲ್ಲಿ ಸಿಕ್ಕಿಕೊಂಡ ಸೆಲ್ ಎರಡು ಗಂಟೆಯೊಳಗೆ ಸುಡಲು ಶುರು ಮಾಡುತ್ತದೆ. ಆಗ ರಿಪೋರ್ಟ್ ಕೊಟ್ಟು ಸಾಲಿನಲ್ಲಿ ಕೂರಿಸಬೇಡ, ನೀನೇ ಡಾಕ್ಟರ ಹತ್ತಿರ ಓಡು.

ಗೌರಿ ಹಬ್ಬಕ್ಕೆ ಬಂದಾಗ ನನ್ನ ಎಕ್ಸ್‌ಪೋಷರ್ ನೋಟ್‌ಬುಕ್ ಕೊಡುತ್ತೇನೆ. ಫಿಕ್ಸರ್ ಕಲೆ ಬಿದ್ದ ಪುಟಗಳನ್ನು ಹುಷಾರಾಗಿ ಬಿಡಿಸು, ಹರಿಯುತ್ತವೆ. ಅದರಲ್ಲಿರುವ ಅಂಕಿಗಳು ನಿನ್ನ ಮಷಿನ್ನಿಗೆ ಹೊಂದುವುದಿಲ್ಲ. ನಿನ್ನವನ್ನು ನೀನೇ ಬರೆದುಕೊಳ್ಳಲು ಕೊನೆಯಲ್ಲಿ ಖಾಲಿ ಹಾಳೆಗಳಿವೆ.

ಇಂತಿ,
ನಿನ್ನ ದೊಡ್ಡಪ್ಪ