ಟನ್ ಬಿಡಿ, ಸಿಲಿಂಡರಿನ ಅಳತೆ ಕೇಳಿ

ನಮ್ಮ ಸೀಮೆಯಲ್ಲಿ ಸೌದೆಯ ಲೆಕ್ಕ ಎರಡು ಒಲೆಗಳ ಮೇಲೆ ನಿಂತಿದೆ. ಒಂದು ಬಚ್ಚಲ ಹಂಡೆಯ ಒಲೆ, ವರ್ಷವಿಡೀ ಉರಿಯುವಂಥದ್ದು. ಇನ್ನೊಂದು ಅಡಿಕೆ ಬೇಯಿಸುವ ಒಲೆ. ಕೊಯ್ಲು ಶುರುವಾಯಿತೆಂದರೆ ನಡುರಾತ್ರಿಯಾದರೂ ಅದು ಆರುವುದಿಲ್ಲ. ಗ್ಯಾಸು, ಸೋಲಾರು ಬಂದ ಮೇಲೂ ಸಾಗರ, ತೀರ್ಥಹಳ್ಳಿ, ಸಿರ್ಸಿ ಕಡೆಯ ತೋಟದ ಮನೆಗಳಲ್ಲಿ ಸೌದೆ ಕೊಟ್ಟಿಗೆ ಉಳಿದುಕೊಂಡಿದೆ. ಇಲ್ಲವಾದವರು ಸೌದೆ ಒಡೆಯುವವರು. ಬೇಸಿಗೆಯಲ್ಲಿ ಕೊಡಲಿ ಹೆಗಲಿಗೇರಿಸಿ ಬರುತ್ತಿದ್ದವರಿಗೆ ವಯಸ್ಸಾಯಿತು, ಅವರ ಮಕ್ಕಳು ಬೆಂಗಳೂರು ಸೇರಿದರು. ನನ್ನ ಬೆನ್ನನ್ನಂತೂ ಈ ಕೆಲಸಕ್ಕೆ ನಂಬುವ ಹಾಗಿಲ್ಲ. ಹಾಗಾಗಿ ಯಂತ್ರದ ಯೋಚನೆ.

ಮೊದಲು ಕಣ್ಣಿಗೆ ಬಿದ್ದದ್ದು ಕೋನ್ ಯಂತ್ರ. ತಿರುಗುವ ಕೋನಿಗೆ ಸ್ಕ್ರೂವಿನ ಹಾಗೆ ಹಲ್ಲು ಕೊರೆದಿರುತ್ತದೆ, ಕೊರಡನ್ನು ಒತ್ತಿ ಹಿಡಿದರೆ ತಾನೇ ಕೊರೆಯುತ್ತಾ ಒಳನುಗ್ಗಿ ಸೀಳುತ್ತದೆ. ಅಗ್ಗ, ವೇಗವೂ ಹೌದು. ಆದರೆ ಗಂಟು ಸಿಕ್ಕಿತೆಂದರೆ ಕೊರಡೇ ಗಿರಕಿ ಹೊಡೆಯುತ್ತದೆ; ಪಂಚೆಯ ಅಂಚೋ ಸೀರೆಯ ಸೆರಗೋ ಸುತ್ತಿಕೊಂಡರೆ ಸ್ವಿಚ್ಚಿನ ತನಕ ಕೈ ಚಾಚಲೂ ಪುರುಸೊತ್ತಿಲ್ಲ. ಜನ ಓಡಾಡುವ ಅಂಗಳಕ್ಕೆ ಇದು ಬೇಡ ಎಂದೆ. ಎಣ್ಣೆಯ ಒತ್ತಡದಿಂದ ಬೆಣೆಯನ್ನು ಕೊರಡಿಗೆ ಒತ್ತುವ ಹೈಡ್ರಾಲಿಕ್ ಯಂತ್ರ ನಿಧಾನ, ಆದರೆ ಸರಿಯಾದ ವಾಲ್ವ್ ಇದ್ದರೆ ಹಿಡಿಕೆ ಬಿಟ್ಟ ಕ್ಷಣವೇ ಬೆಣೆ ನಿಲ್ಲುತ್ತದೆ.

ಅಂಗಡಿಗೆ ಹೋದರೆ ಅಲ್ಲಿ ಕಿವಿಗೆ ಬೀಳುವುದು ಟನ್ ಒಂದೇ. "ಇಪ್ಪತ್ತು ಟನ್ ಸಾರ್, ಯಾವ ಮರ ಬೇಕಾದ್ರೂ ತನ್ನಿ" ಎಂದ ಒಬ್ಬ. ಸಿಲಿಂಡರಿನ ಒಳವ್ಯಾಸ ಎಷ್ಟು, ಒತ್ತಡ ಎಷ್ಟಕ್ಕೆ ಸೆಟ್ ಮಾಡಿದ್ದೀರಿ ಎಂದು ಕೇಳಿದೆ. ಹುಡುಕಿ ಹೇಳಿದ: 80 ಮಿ.ಮೀ., 160 ಬಾರ್. ಲೆಕ್ಕ ಹೈಸ್ಕೂಲಿನದೇ. ಪಿಸ್ಟನ್ ಮುಖದ ವಿಸ್ತೀರ್ಣವನ್ನು ಎಣ್ಣೆಯ ಒತ್ತಡದಿಂದ ಗುಣಿಸಿದರೆ ಬಲ ಸಿಗುತ್ತದೆ. 80 ಮಿ.ಮೀ. ವ್ಯಾಸಕ್ಕೆ ಸುಮಾರು 50 ಚದರ ಸೆಂಟಿಮೀಟರ್. ಒಂದು ಬಾರ್ ಅಂದರೆ ಚದರ ಸೆಂಟಿಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋ. ಬಂದದ್ದು 8 ಟನ್. ಅದೇ ಸಿಲಿಂಡರಿನಿಂದ 20 ಟನ್ ಹಿಂಡಬೇಕಾದರೆ ಒತ್ತಡ 400 ಬಾರಿನ ಹತ್ತಿರ ಹೋಗಬೇಕು, ಇಂಥ ಯಂತ್ರಕ್ಕೆ ಹಾಕುವ ಗೇರ್ ಪಂಪು 250 ಬಾರಿಗೇ ಏದುಸಿರು ಬಿಡುತ್ತದೆ. ವ್ಯಾಸ 100 ಮಿ.ಮೀ. ಆದರೆ ವಿಸ್ತೀರ್ಣ 78 ದಾಟುತ್ತದೆ, 200 ಬಾರಿಗೆ 16 ಟನ್ ಬರುತ್ತದೆ. ಮನೆಯ ಸೌದೆಗೆ ಅಷ್ಟು ಧಾರಾಳ ಸಾಕು.

ಹಾಗೆಂದು ಬಲವನ್ನಷ್ಟೇ ನೋಡಿದರೆ ಇನ್ನೊಂದು ತಾಪತ್ರಯ. 100 ಮಿ.ಮೀ. ಸಿಲಿಂಡರಿನ ಬೆಣೆ ಎರಡು ಅಡಿ ಮುಂದೆ ಹೋಗಬೇಕಾದರೆ ಅದರೊಳಗೆ ಸುಮಾರು 4.8 ಲೀಟರ್ ಎಣ್ಣೆ ತುಂಬಬೇಕು. ನಮ್ಮ ಮನೆಯ ಸಿಂಗಲ್ ಫೇಸಿಗೆ 3 ಎಚ್‌ಪಿ ಮೋಟಾರೇ ಹೆಚ್ಚು. ಆ ಮೋಟಾರು 200 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 7 ಲೀಟರ್ ಕೂಡ ತಳ್ಳಲಾರದು. ಅಂದರೆ ಒಂದು ಕೊರಡಿಗೆ ಹೋಗುವುದಕ್ಕೇ ಮುಕ್ಕಾಲು ನಿಮಿಷ, ವಾಪಸು ಬರುವ ಹೊತ್ತು ಬೇರೆ. ರಾಶಿ ನೋಡಿದರೆ ಕೊಡಲಿಯೇ ವಾಸಿ ಅನ್ನಿಸಬೇಕು! ಇದಕ್ಕೆ ಉಪಾಯ ಎರಡು ಹಂತದ ಪಂಪು. ಒಂದೇ ಮೈಯೊಳಗೆ ದೊಡ್ಡದೊಂದು, ಸಣ್ಣದೊಂದು ಪಂಪು. ಬೆಣೆಗೆ ಅಡ್ಡಿಯಿಲ್ಲದಾಗ ಎರಡೂ ಸೇರಿ ಎಣ್ಣೆ ನೂಕುತ್ತವೆ, ಬೆಣೆ ಸರಸರನೆ ಬರುತ್ತದೆ. ಮರ ಎದುರು ನಿಂತು ಒತ್ತಡ ಏರಿದ ಕೂಡಲೇ ದೊಡ್ಡದು ತನ್ನ ಎಣ್ಣೆಯನ್ನು ಟ್ಯಾಂಕಿಗೇ ಮರಳಿಸಿ ಸುಮ್ಮನಾಗುತ್ತದೆ, ಸಣ್ಣದೊಂದೇ ನಿಧಾನವಾಗಿ ಪೂರ್ತಿ ಬಲದಿಂದ ಒತ್ತುತ್ತದೆ. ಘಟ್ಟ ಹತ್ತುವಾಗ ಜೀಪಿನ ಗೇರು ಇಳಿಸಿದಂತೆ. ಮೊದಲ ಬಿರುಕು ಬಿಟ್ಟ ಮೇಲೆ ನೇರ ನಾರಿನ ಮರ ಹೆಚ್ಚು ಬಲ ಕೇಳುವುದಿಲ್ಲ, ಮತ್ತೆ ವೇಗ. ಮೋಟಾರಿನ ಸದ್ದು ಕೇಳಿದರೇ ಯಾವ ಹಂತ ಎಂದು ಈಗ ತಿಳಿಯುತ್ತದೆ. ನಾನು ಆರಿಸಿದ್ದು ಇಂಥದ್ದನ್ನೇ.

ಕೆಲಸಕ್ಕೆ ಇಳಿದ ಮೇಲೆ ಗೊತ್ತಾದದ್ದು, ಸೀಳುವುದು ಯಂತ್ರದ ಪಾಲಿಗೆ, ಎತ್ತುವುದು ನಮ್ಮ ಪಾಲಿಗೆ. ಒಂದೂವರೆ ಅಡಿ ದಪ್ಪದ, ಎರಡು ಅಡಿ ಉದ್ದದ ಹಸಿ ಹಲಸಿನ ತುಂಡು 80 ಕಿಲೋ ಮೀರಬಹುದು. ಯಂತ್ರದ ಸೊಂಟದೆತ್ತರದ ತೊಲೆಯ ಮೇಲೆ ಅದನ್ನು ಇಡುವವರಾರು? ತೊಲೆಯನ್ನು ನೆಟ್ಟಗೆ ನಿಲ್ಲಿಸಬಹುದಾದ ಮಾದರಿಯಾದರೆ ದಿಮ್ಮಿಯನ್ನು ಉರುಳಿಸಿ ತಂದು ಬೆಣೆಯ ಕೆಳಗೆ ನಿಲ್ಲಿಸಿದರಾಯಿತು. ಟನ್ನಿನ ಚರ್ಚೆಗಿಂತ ಈ ಒಂದು ಕೀಲು ನನಗೆ ಹೆಚ್ಚು ಉಪಕಾರ ಮಾಡಿದೆ. ಒಂದೇ ಸಲಕ್ಕೆ ನಾಲ್ಕು ಹೋಳು ಮಾಡುವ ಬೆಣೆಯನ್ನೂ ಕೊಟ್ಟಿದ್ದರು. ಅಕೇಶಿಯಾದ ನೆಟ್ಟನೆಯ ತುಂಡಿಗೆ ಅದು ಸೊಗಸು, ಕವಲು ಇದ್ದಲ್ಲಿ ಸಿಕ್ಕಿಕೊಂಡು ಬಿಡುತ್ತದೆ. ಈಗ ಅದು ಮೂಲೆಯಲ್ಲಿದೆ.

ಯಂತ್ರ ಬಂದು ನಮ್ಮ ಸೌದೆಯ ಕಾಲವನ್ನೇ ಬದಲಿಸಿತು. ಮೊದಲೆಲ್ಲ ದಿಮ್ಮಿಗಳು ಅಂಗಳದಲ್ಲಿ ಬಿದ್ದು ಒಣಗಿ, ಆಳು ಸಿಕ್ಕಾಗ ಒಡೆಯುವುದು. ಅಕೇಶಿಯಾ, ಗಾಳಿಮರ ಒಣಗಿದ ಮೇಲೆ ಕಬ್ಬಿಣವಾಗುತ್ತವೆ, ಹಸಿಯಲ್ಲೇ ಸಲೀಸು. ಒಡೆಯದ ಕೊರಡನ್ನು ತೊಗಟೆ ಮುಚ್ಚಿಕೊಂಡಿರುವುದರಿಂದ ಒಳಗಿನ ನೀರೂ ಬೇಗ ಹೋಗುವುದಿಲ್ಲ. ಈಗ ಕಡಿದ ಬೆನ್ನಿಗೇ, ಶಿವರಾತ್ರಿಯೊಳಗೆ ಸೀಳಿ ಬಿಸಿಲಿಗೆ ಪೇರಿಸುತ್ತೇವೆ. ಮುಂಗಾರಿಗೆ ಮೊದಲು ಕೊಟ್ಟಿಗೆ ಸೇರಿದ ಆ ಸೌದೆ ಆಷಾಢದಲ್ಲೂ ಹೊಗೆಯಾಡದೆ ಹತ್ತಿಕೊಳ್ಳುತ್ತದೆ. ಹಂಡೆಗೆ ಉರಿ ಹಾಕುವ ಅಮ್ಮ ಯಂತ್ರಕ್ಕೆ ಕೊಟ್ಟ ಏಕೈಕ ಸರ್ಟಿಫಿಕೇಟ್ ಇದು.

ಯಂತ್ರದ ಹತ್ತಿರ ಒಬ್ಬರೇ ಇರಬೇಕು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಒಬ್ಬರು ಕೊರಡು ಹಿಡಿದು ಇನ್ನೊಬ್ಬರು ಹಿಡಿಕೆ ಎಳೆಯುವಾಗಲೇ ಬೆರಳು ಹೋಗುವುದು. ಬೆಣೆ ಹಿಂದೆ ಹೋಗುವಾಗ ಹಿಡಿಕೆ ತಾನಾಗಿ ನಿಂತಿರಲಿ, ಮುಂದೆ ಬರುವಾಗ ಮಾತ್ರ ಕೈ ಬಿಟ್ಟರೆ ನಿಲ್ಲಲೇಬೇಕು. ಕೊಳ್ಳುವಾಗ ಇದನ್ನು ಎದುರಿಗೇ ಮಾಡಿ ತೋರಿಸಲು ಹೇಳಿ. ಪೈಪಿನಲ್ಲಿ ಎಣ್ಣೆ ಜಿನುಗಿದರೆ ಕೈಯಿಂದ ಸವರಿ ಹುಡುಕುವುದು ಅತಿ ಅಪಾಯ. ಸೂಜಿಮೊನೆಯ ತೂತಿನಿಂದ ಆ ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮದೊಳಕ್ಕೇ ಹೊಗುತ್ತದೆ, ನೋವು ಕಡಿಮೆಯಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಗಾಯವದು. ಮೊದಲು ಯಂತ್ರ ನಿಲ್ಲಿಸಿ. ಜಾಗ ಪತ್ತೆ ಮಾಡಲು ರಟ್ಟಿನ ತುಂಡು ಹಿಡಿಯಿರಿ.

ಮಲೆನಾಡಿನವರು ನೆನಪಿಡಬೇಕಾದ್ದು ಮಳೆ. ಕೆಲಸ ಮುಗಿದ ಮೇಲೆ ಪಿಸ್ಟನ್ ರಾಡನ್ನು ಪೂರ್ತಿ ಒಳಗೆಳೆದೇ ನಿಲ್ಲಿಸಬೇಕು. ಹೊರಗುಳಿದ ರಾಡಿಗೆ ತುಕ್ಕು ಹಿಡಿದರೆ ಮುಂದಿನ ವರ್ಷ ಅದು ಸೀಲನ್ನು ಕೆರೆದು ಹಾಕುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ, ಬದಲಿಸುವುದೇ ದಾರಿ. ಇನ್ನು ಕರೆಂಟಿನ ಮಾತು: ಸಂಜೆ ವೋಲ್ಟೇಜ್ ಬಿದ್ದಾಗ ನಾನು ಮೋಟಾರು ಮುಟ್ಟುವುದಿಲ್ಲ.

ಬರೀ ಬಚ್ಚಲ ಒಲೆಗಾದರೆ ಇದು ದುಬಾರಿ ಬಾಬತ್ತು. ತೋಟದ ಸೊಪ್ಪುಸದೆ, ಹಾಳೆ, ತೆಂಗಿನ ಮಟ್ಟೆಯಲ್ಲೇ ಹಂಡೆ ಕಾಯುತ್ತದೆ. ಅಡಿಕೆ ಬೇಯಿಸುವ ನಾಲ್ಕು ಮನೆಯವರು ಸೇರಿ ಒಂದನ್ನು ತಂದುಕೊಂಡರೆ ಸರಿ, ವರ್ಷದ ಬಹುಪಾಲು ಅದು ಟಾರ್ಪಾಲಿನ ಕೆಳಗೇ ಇರುತ್ತದೆ. ಪಕ್ಕದ ಮನೆಯವರು ಈ ಸಲ ಡೀಸೆಲ್ ಇಂಜಿನ್ನಿನದು ನೋಡಿದ್ದಾರಂತೆ. ಸಿಲಿಂಡರಿನ ವ್ಯಾಸ ಕೇಳಿಕೊಂಡು ಬನ್ನಿ ಎಂದಿದ್ದೇನೆ.