ಸಬ್ಸಿಡಿಗೂ ಮೊದಲು ರಿಜೆಕ್ಷನ್ ಲೆಕ್ಕ

ಚಿರಂಜೀವಿ ಮಗಳಿಗೆ,

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯ ಹೊಣೆ ನೀನೇ ಹೊತ್ತೆ ಎಂದು ನಿನ್ನ ಅಪ್ಪ, ನನ್ನ ಅಣ್ಣ, ಫೋನಿನಲ್ಲಿ ಹೇಳಿದಾಗ ಅವನಷ್ಟೇ ಹೆಮ್ಮೆ ನನಗೂ ಆಯಿತು. ಎರಕದ ದೋಷ ಹಿಡಿಯುವ ಎಐ ಕ್ಯಾಮೆರಾ ಕೂಡಿಸಬೇಕೆಂದಿದ್ದೀ, ಅದಕ್ಕೆ ಸರ್ಕಾರದ ದುಡ್ಡು ಸಿಗುತ್ತದೆಯೇ ಎಂದು ಕೇಳಿದ್ದೀ. ಸಣ್ಣ ಕೈಗಾರಿಕೆಗಳ ಸಾಲದ ಕಡತ ನೋಡುತ್ತಲೇ ಬ್ಯಾಂಕಿನ ನೌಕರಿ ಮುಗಿಸಿದವನು ನಾನು. ಆ ಅನುಭವದ ಮೇಲೆ ನಾಲ್ಕು ಮಾತು ಬರೆಯುತ್ತೇನೆ, ಸಮಾಧಾನದಿಂದ ಓದು.

ಪತ್ರಿಕೆಗಳಲ್ಲಿ ದೊಡ್ಡದಾಗಿ ಬರುವುದು ಇಂಡಿಯಾಎಐ ಮಿಷನ್. 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಅದಕ್ಕೆ ಐದು ವರ್ಷಗಳ ಅವಧಿಗೆ ಸುಮಾರು 10,372 ಕೋಟಿ ರೂಪಾಯಿ ಮಂಜೂರು ಮಾಡಿತು. ಆ ದುಡ್ಡು ಮುಖ್ಯವಾಗಿ ಎಐ ಕಟ್ಟುವವರಿಗೆ ಹೋಗುತ್ತದೆ. ದುಬಾರಿ ಜಿಪಿಯು ಯಂತ್ರಗಳನ್ನು ಸ್ಟಾರ್ಟಪ್, ಸಂಶೋಧಕರು, ವಿದ್ಯಾರ್ಥಿಗಳಿಗೆ ಗಂಟೆಗೆ ಸರಾಸರಿ 65 ರೂಪಾಯಿಯ ರಿಯಾಯಿತಿ ದರದಲ್ಲಿ ಒದಗಿಸುತ್ತಿದ್ದಾರೆ. ಎರಕ ಹೊಯ್ಯುವ ನಿನಗೆ ಜಿಪಿಯು ಬೇಕಿಲ್ಲ. ಆದರೆ ಉದ್ಯಮಬಾಗದಲ್ಲೇ ಗೋಗಟೆ ಎಂಜಿನಿಯರಿಂಗ್ ಕಾಲೇಜಿದೆ, ಬೆಳಗಾವಿಯಲ್ಲೇ ವಿಟಿಯು ಇದೆ. ಅಲ್ಲಿನ ಹುಡುಗ ಹುಡುಗಿಯರು ನಿನ್ನ ಫೌಂಡ್ರಿಗಾಗಿ ಏನಾದರೂ ಮಾಡಲು ಮುಂದೆ ಬಂದರೆ ಆ ಯಂತ್ರಗಳಿಗೆ ಅವರು ಅರ್ಜಿ ಹಾಕಬಹುದು. ನೀನು ಕೊಡಬೇಕಾದದ್ದು ನಿನ್ನ ಫೌಂಡ್ರಿಯ ಲೆಕ್ಕ.

ಆ ಲೆಕ್ಕ ನಿನ್ನ ಹತ್ತಿರ ಇದೆಯೇ? ಪ್ರತಿ ಹೀಟಿಗೆ, ಅಂದರೆ ಲೋಹ ಕರಗಿಸಿದ ಪ್ರತಿ ಸಲಕ್ಕೆ, ನಂಬರ್ ಹಾಕಿ ಅದರ ಪ್ರಕಾರ ಮರಳಿನ ತೇವ ಎಷ್ಟಿತ್ತು, ಲೋಹ ಹೊಯ್ದಾಗ ಉಷ್ಣತೆ ಎಷ್ಟಿತ್ತು, ಯಾವ ಪಾಳಿ, ಎಷ್ಟು ಪೀಸು ರಿಜೆಕ್ಟ್, ಯಾಕೆ ರಿಜೆಕ್ಟ್ ಎಂದು ಯಾರಾದರೂ ಬರೆದಿಡುತ್ತಿದ್ದಾರೆಯೇ? ತೇವ ಹೆಚ್ಚಾದರೆ ಬ್ಲೋಹೋಲ್ ಬೀಳುತ್ತದೆ, ಲೋಹ ತಣ್ಣಗಿದ್ದರೆ ಅಚ್ಚು ಪೂರ್ತಿ ತುಂಬುವುದಿಲ್ಲ. ಇದು ನಿಮ್ಮ ಮೇಸ್ತ್ರಿಗೆ ಕಣ್ಣಳತೆಯಲ್ಲೇ ಗೊತ್ತು. ಕ್ಯಾಮೆರಾ ಮೇಲ್ಮೈಯ ದೋಷ ತೋರಿಸಿ ಕೆಟ್ಟ ಪೀಸು ಗಿರಾಕಿಯ ಕಡೆ ಹೋಗದಂತೆ ತಡೆಯುತ್ತದೆ. ಕೆಟ್ಟ ಪೀಸು ಹುಟ್ಟದಂತೆ ತಡೆಯುವುದು ಈ ದಾಖಲೆ. ತಿಂಗಳಿಗೆ 50 ಟನ್ ಎರಕ ಹೊಯ್ಯುವಲ್ಲಿ ರಿಜೆಕ್ಷನ್ ಶೇ 8ರಿಂದ 5ಕ್ಕೆ ಇಳಿಯಿತು ಅನ್ನು. ಒಂದೂವರೆ ಟನ್ ಮರಳಿ ಕರಗಿಸುವ ಕರೆಂಟು, ಕೂಲಿ, ವೇಳೆ ಪ್ರತಿ ತಿಂಗಳೂ ಉಳಿಯಿತು. ಇಂಥ ಉಳಿತಾಯ ಯಾವ ಸಬ್ಸಿಡಿಗೂ ಕಡಿಮೆಯಲ್ಲ.

ಈ ಶಿಸ್ತು ತರುವುದಕ್ಕೇ ಸರ್ಕಾರದ ನೆರವು ಇದೆ, ಅದರ ಸುದ್ದಿ ಮಾತ್ರ ಕಡಿಮೆ. ಇದಕ್ಕೆ ಮೊದಲ ಮೆಟ್ಟಿಲಾದ ಉದ್ಯಮ್ ನೋಂದಣಿ 2020ರಿಂದ ಇದೆ, ಬಿಡಿಗಾಸೂ ಖರ್ಚಿಲ್ಲ. ಫೌಂಡ್ರಿಯ ಮಾಲೀಕತ್ವ ನಿನ್ನ ಹೆಸರಿಗೆ ಆದಮೇಲೆ ಅಲ್ಲಿಯೂ ನಿನ್ನ ಹೆಸರು ಬರುವಂತೆ ಮಾಡಿಸು. ಗುಣಮಟ್ಟದ ಜೆಡ್ ಪ್ರಮಾಣಪತ್ರದ ಶುಲ್ಕದಲ್ಲಿ ಅತಿಸಣ್ಣ ಘಟಕಗಳಿಗೆ ಶೇ 80 ರಿಯಾಯಿತಿ, ಮಹಿಳೆಯರ ಘಟಕಗಳಿಗೆ ಪೂರ್ತಿ ಮಾಫಿ. ಲೀನ್ ಯೋಜನೆಯಲ್ಲಿ ಸಲಹೆಗಾರರು ಫೌಂಡ್ರಿಗೇ ಬಂದು ವ್ಯರ್ಥ ಎಲ್ಲಿದೆ ಎಂದು ತೋರಿಸುತ್ತಾರೆ, ಆ ಖರ್ಚಿನ ಶೇ 90 ಸರ್ಕಾರದ್ದು. ಯಂತ್ರಕ್ಕೆ ಸಾಲ ಬೇಕಾದರೆ ಮನೆ, ಜಮೀನು ಅಡವಿಡದೆ ಸಿಜಿಟಿಎಂಎಸ್‌ಇ ಖಾತರಿಯ ಮೇಲೆ ಕೇಳು. ಅದರ ಮಿತಿಯನ್ನು 2025ರ ಏಪ್ರಿಲ್‌ನಿಂದ 10 ಕೋಟಿಗೆ ಏರಿಸಿದ್ದಾರೆ. ಖಾತರಿ ಎಂದರೆ ಬ್ಯಾಂಕಿಗೆ ಧೈರ್ಯ, ಕಂತು ಕಟ್ಟುವವಳು ನೀನೇ. ಹಾಸಿಗೆ ಇದ್ದಷ್ಟೇ ಕಾಲು ಚಾಚು.

ಇನ್ನೊಂದು ದುಡ್ಡು ನಿನ್ನದೇ ಇದೆ, ಅದು ಗಿರಾಕಿಗಳ ಹತ್ತಿರ ಬಾಕಿ ಕೂತಿದೆ. ಅತಿಸಣ್ಣ, ಸಣ್ಣ ಘಟಕಗಳ ಬಿಲ್ಲನ್ನು ಹೆಚ್ಚೆಂದರೆ 45 ದಿನಗಳಲ್ಲಿ ತೀರಿಸಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಬಿಲ್ಲು, ಡೆಲಿವರಿ ಚಲನ್ ಎಲ್ಲ ಕಂಪ್ಯೂಟರಿನಲ್ಲಿ ಸರಿಯಾಗಿದ್ದರೆ ಟ್ರೆಡ್ಸ್ ವೇದಿಕೆಯಲ್ಲಿ ದೊಡ್ಡ ಕಂಪನಿಗಳ ಬಿಲ್ಲುಗಳನ್ನು ಬೇಗ ನಗದು ಮಾಡಿಕೊಳ್ಳಬಹುದು. ಡಿಜಿಟಲ್ ಆಗುವುದನ್ನು ಇಲ್ಲಿಂದ ಆರಂಭಿಸಿದರೆ ಮೊದಲ ವರ್ಷವೇ ಫಲ ಕಾಣುತ್ತದೆ.

ಯೋಜನೆಯನ್ನು ನಂಬಿ ಯಂತ್ರ ಕೊಳ್ಳಬೇಡ, ಮಗಳೇ. ನಮ್ಮ ಕಾಲದಲ್ಲಿ ಹೊಸ ಯಂತ್ರದ ಸಾಲಕ್ಕೆ ಶೇ 15ರಷ್ಟು, ಗರಿಷ್ಠ 15 ಲಕ್ಷ ರೂಪಾಯಿ ಬಂಡವಾಳ ಸಬ್ಸಿಡಿ ಇತ್ತು. ಸಬ್ಸಿಡಿ ಸಿಗುತ್ತದೆಂದೇ ಯಂತ್ರ ತರಿಸಿದವರ ಖಾತೆಗಳು ಸುಸ್ತಿಯಾದದ್ದನ್ನು ನಾನು ಕಂಡಿದ್ದೇನೆ. ಕೆಲಸಕ್ಕೆ ಬೇಕೆಂದು ತಂದವರು ಸಬ್ಸಿಡಿ ತಡವಾದರೂ ಉಳಿದುಕೊಂಡರು. ಯೋಜನೆಯನ್ನು ನಂಬಿ ಕೂರಲಾಗದು ಎಂಬುದು ಹೊರದೇಶದಲ್ಲೂ ಅಷ್ಟೇ ನಿಜ. ಕೆನಡಾ 2022ರಲ್ಲಿ ಸಣ್ಣ ವ್ಯಾಪಾರಗಳ ಡಿಜಿಟಲೀಕರಣಕ್ಕೆ ದೊಡ್ಡ ಯೋಜನೆ ತಂದಿತು. ಮೊದಲು ಸಲಹೆಗಾರರಿಂದ ನೀಲನಕ್ಷೆ ಮಾಡಿಸಲು 15,000 ಡಾಲರ್‌ವರೆಗೆ ನೆರವು, ಆಮೇಲೆ ಬಡ್ಡಿಯಿಲ್ಲದ ಸಾಲ. ಆ ಕ್ರಮ ನಿನಗೂ ಮಾದರಿ. ಆದರೆ 2024ರ ಫೆಬ್ರವರಿಯಲ್ಲಿ ಅಲ್ಲಿ ಹೊಸ ಅರ್ಜಿ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು. ಯೋಜನೆಗಳು ಬರುತ್ತವೆ, ಮುಗಿಯುತ್ತವೆ, ನಿನ್ನ ಫರ್ನೇಸ್ ಉರಿಯುತ್ತಲೇ ಇರಬೇಕು. ಕಮಿಷನ್ ಕೊಟ್ಟರೆ ಮಂಜೂರು ಮಾಡಿಸುತ್ತೇನೆ ಎನ್ನುವ ಏಜೆಂಟರನ್ನು ಗೇಟಿನಿಂದಲೇ ಕಳಿಸು. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ನೀನೇ ಹೋಗಿ ಕೇಳು. ತೆರಿಗೆ ಕಟ್ಟುವವಳು ನೀನು, ಸಂಕೋಚ ಯಾಕೆ?

ಕೊನೆಯದಾಗಿ, ಕೆಲಸಗಾರರ ಮಾತು. ಕ್ಯಾಮೆರಾ ಬರುತ್ತದೆಂದರೆ ತಮ್ಮ ಮೇಲೆ ಕಣ್ಣಿಡಲು ಎಂದು ಅವರು ಹೆದರಬಹುದು. ಅದು ಪೀಸು ನೋಡುವುದಕ್ಕೆ, ಮನುಷ್ಯರನ್ನಲ್ಲ ಎಂದು ಮೊದಲೇ ಹೇಳು, ಹಾಗೆಯೇ ನಡೆದುಕೋ. ಪರದೆಯ ಮೇಲೆ ಬರುವುದು ಕನ್ನಡದಲ್ಲಿ, ಮರಾಠಿಯಲ್ಲಿ ಇರಲಿ. ಸರ್ಕಾರದ ಅನುವಾದ ವೇದಿಕೆ ಭಾಷಿಣಿ ಇರುವುದೇ ಇಂಥದ್ದಕ್ಕೆ. ಮೇಸ್ತ್ರಿ ಕಲಿಸದೆ ಯಾವ ಎಐಯೂ ನಿನ್ನ ಮರಳಿನ ಗುಣ ತಿಳಿಯಲಾರದು. ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ಶುರು ಮಾಡು.

ಮುಂದಿನ ಮೂರು ತಿಂಗಳು ಪ್ರತಿ ಹೀಟಿನ ಲೆಕ್ಕ ತಪ್ಪದೆ ಬರೆಸು. ಆಮೇಲೆ ಕ್ಯಾಮೆರಾದ ಕೊಟೇಶನ್ ಮತ್ತು ಆ ಲೆಕ್ಕದ ಪುಸ್ತಕ ಎರಡನ್ನೂ ತೆಗೆದುಕೊಂಡು ಬಾ. ನೆರವಿನ ಅರ್ಜಿಯನ್ನು ಇಬ್ಬರೂ ಕೂತು ತುಂಬೋಣ.

ಇಂತಿ ನಿನ್ನ ಪ್ರೀತಿಯ,
ಕಾಕಾ