ಟ್ಯಾಪೆಟ್ ಸದ್ದು: ಒಂಬತ್ತನೇ ತರಗತಿಯಲ್ಲಿ ನಾನು ತಪ್ಪಿದ ಒಂದು ಪಾಠ

ಅಭ್ಯಾಸ ಬೋಧನೆಯಲ್ಲಿ ‘ಶಬ್ದ’ ಘಟಕ ನನ್ನ ಪಾಲಿಗೆ ಬಂದಾಗ, ಪ್ರಯೋಗಾಲಯದ ಶ್ರುತಿಕವೆಯ ಜೊತೆಗೆ ನಮ್ಮ ಮನೆಯ ಅಂಬಾಸಡರ್ ಕಾರನ್ನೂ ಬೋಧನೋಪಕರಣವಾಗಿ ಬಳಸಲು ಮಾರ್ಗದರ್ಶಕರ ಅನುಮತಿ ಕೇಳಿದೆ. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ನನ್ನು ಅಪ್ಪ ಮತ್ತು ನಾನು ಹಿತ್ತಲಿನ ಶೆಡ್ಡಿನಲ್ಲಿ ಎರಡು ಹಳೆಯ ಎಂಜಿನ್‌ಗಳಿಂದ ಜೋಡಿಸಿದ್ದೆವು. ಬ್ಲಾಕ್ ಒಂದರದು, ಹೆಡ್ ಇನ್ನೊಂದರದು, ವಾಲ್ವ್‌ಗಳು ಹೊಸವು, ರಾಕರ್‌ಗಳು ಗುಜರಿಯಿಂದ ಆರಿಸಿ ತಂದವು. ಓಡಿಸಿದ ಮೊದಲ ದಿನದಿಂದಲೇ ಅದರಲ್ಲಿ ‘ಟಿಕ್ ಟಿಕ್’ ಸದ್ದು. ಬೀದಿಯಲ್ಲಿ ಕೇಳಿದವರೆಲ್ಲ “ಟ್ಯಾಪೆಟ್ ಸೌಂಡು” ಅನ್ನುತ್ತಿದ್ದರು. ನನ್ನ ಪಾಠಯೋಜನೆಯ ‘ನಿರೀಕ್ಷಿತ ಉತ್ತರ’ದ ಅಂಕಣದಲ್ಲೂ ಅದನ್ನೇ ಬರೆದಿಟ್ಟಿದ್ದೆ: ಟ್ಯಾಪೆಟ್ ಅಂತರ ಹೆಚ್ಚಾಗಿದೆ. ತೊಂದರೆಯೆಲ್ಲ ಶುರುವಾದದ್ದು ಈ ಅಂಕಣದಿಂದ.

ಜೋಡಿ ಅವಧಿ. ಮೈದಾನದಲ್ಲಿ ಕಾರು ನಿಲ್ಲಿಸಿ, ಫ್ಯಾನ್ ಬೆಲ್ಟಿನಿಂದ ಮಕ್ಕಳು ದೂರವಿರಲೆಂದು ಸುಣ್ಣದ ಗೆರೆ ಎಳೆದಿದ್ದೆ. ಎಂಜಿನ್ನಿಗೆ ಕೈ ಹಾಕುವ ಕೆಲಸ ಅಪ್ಪನದು ಮಾತ್ರ. ಎಣ್ಣೆಯ ಮಟ್ಟ ನೋಡಿಕೊಂಡ ಮೇಲೆ ಸ್ಟಾರ್ಟ್ ಮಾಡಿದೆವು.

“ಈ ಸದ್ದು ಸೆಕೆಂಡಿಗೆ ಎಷ್ಟು ಸಲ ಬರುತ್ತಿದೆ?” ಎಂಬುದು ಮೊದಲ ಪ್ರಶ್ನೆ. ಕಿವಿಯಿಂದ ಎಣಿಸಲು ಯಾರಿಗೂ ಆಗಲಿಲ್ಲ. ಫೋನಿನಲ್ಲಿ 10 ಸೆಕೆಂಡು ಮುದ್ರಿಸಿ, ನಾಲ್ಕು ಪಟ್ಟು ನಿಧಾನವಾಗಿ ಕೇಳಿಸಿದೆ. ಗುಂಪುಗಳು 64ರಿಂದ 68ರವರೆಗೆ ಎಣಿಸಿದವು. ಮೀಟರಿನಲ್ಲಿ ಎಂಜಿನ್ ವೇಗ ನಿಮಿಷಕ್ಕೆ 800 ಸುತ್ತು. ಅಂದರೆ 10 ಸೆಕೆಂಡಿಗೆ ಸುಮಾರು 133. ಸದ್ದು ಅದರ ಅರ್ಧ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಶಾಫ್ಟ್ ಒಂದೇ ಸುತ್ತು ತಿರುಗುತ್ತದೆ, ಪ್ರತಿ ವಾಲ್ವೂ ಒಂದೇ ಸಲ ತೆರೆದು ಮುಚ್ಚುತ್ತದೆ ಎಂಬುದನ್ನು ಮಕ್ಕಳ ಎಣಿಕೆಯಿಂದಲೇ ಹೊರತೆಗೆಯಬಹುದಾಯಿತು. ಇಲ್ಲೊಂದು ಎಚ್ಚರಿಕೆ: ಟಿಕ್ ಮರುಕಳಿಸುವ ಆವೃತ್ತಿ ಬೇರೆ, ಪ್ರತಿ ಟಿಕ್‌ನ ಒಳಗಿರುವ ಲೋಹದ ಕಂಪನದ ಆವೃತ್ತಿ ಬೇರೆ. ಮಕ್ಕಳು ಇವೆರಡನ್ನೂ ಕಲಸಿಬಿಡುತ್ತಾರೆ. ಯೋಜನೆ ಬರೆಯುವಾಗ ನಾನೂ ಕಲಸಿದ್ದೆ.

ಅರ್ಧ ವೇಗದ ಸದ್ದೆಲ್ಲ ಟ್ಯಾಪೆಟ್ಟಿನದೇ ಆಗಬೇಕಿಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಒಂದು ಸಿಲಿಂಡರಿನ ಬಳಿ ಸೋರುತ್ತಿದ್ದರೆ, ಅದೂ ಎರಡು ಸುತ್ತಿಗೊಮ್ಮೆಯೇ ‘ಟಿಕ್’ ಅನ್ನುತ್ತದೆ. ಅಪ್ಪ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದನ್ನು ಮ್ಯಾನಿಫೋಲ್ಡಿನ ಉದ್ದಕ್ಕೂ ಆಡಿಸಿದರು. ಅಲ್ಲೇನೂ ಇರಲಿಲ್ಲ, ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿಯೂ ಇರಲಿಲ್ಲ. ಆಮೇಲೆ ರಾಕರ್ ಕವರ್ ತೆಗೆದು, ಎಂಜಿನ್ ನಿಧಾನವಾಗಿ ಓಡುತ್ತಿರುವಾಗಲೇ ಫೀಲರ್ ಗೇಜಿನ ತೆಳು ಪಟ್ಟಿಯನ್ನು ಒಂದೊಂದೇ ರಾಕರಿನ ಕೆಳಗೆ ತೂರಿಸಿದರು. ಐದನೆಯದರ ಕೆಳಗೆ ಪಟ್ಟಿ ಹೋದಾಗ ಸದ್ದು ಮಂಕಾಯಿತು. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಅದು. ಸ್ಥಳ ಸಿಕ್ಕಿತು.

ಅಂತರ ಅಳೆಯುವುದು ಎಂಜಿನ್ ನಿಂತ ಮೇಲೆ. ಎಂಟು ವಾಲ್ವ್‌ಗಳಿಗೆ ಸಾಲಾಗಿ 1ರಿಂದ 8 ಸಂಖ್ಯೆ ಕೊಟ್ಟು, ಯಾವುದು ಪೂರ್ತಿ ತೆರೆದಿದೆಯೋ ಅದನ್ನು 9ರಿಂದ ಕಳೆದರೆ ಅಳೆಯಬೇಕಾದ ವಾಲ್ವಿನ ಸಂಖ್ಯೆ ಬರುತ್ತದೆ. ಇದನ್ನು ನಾನು ಹೇಳಲಿಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ ಹ್ಯಾಂಡಲಿನಿಂದ ಅಪ್ಪ ಎಂಜಿನ್ ತಿರುಗಿಸುತ್ತಿದ್ದಾಗ ಮಕ್ಕಳೇ ಕೋಷ್ಟಕ ಬರೆದು ಕಂಡುಕೊಂಡರು. ಇಡೀ ಪಾಠದಲ್ಲಿ ನನಗೆ ನಿಜಕ್ಕೂ ಹೆಮ್ಮೆ ಇರುವುದು ಆ ಐದು ನಿಮಿಷದ ಬಗ್ಗೆ.

4 ಪೂರ್ತಿ ತೆರೆದಿತ್ತು; 5ನ್ನು ಅಳೆದೆವು. ಇರಬೇಕಾದದ್ದು 0.015 ಇಂಚು, ಸುಮಾರು 0.38 ಮಿ.ಮೀ. ಪಟ್ಟಿ ಸರಿಯಾದ ಬಿಗಿಯಲ್ಲಿ ಜಾರಿತು. ಅಂತರ ಸರಿಯಾಗಿಯೇ ಇತ್ತು!

ಯೋಜನೆಯ ಉತ್ತರ ಕೈಕೊಟ್ಟಿತ್ತು. ಅವಧಿ ಮುಗಿಯಲು ಏಳೆಂಟು ನಿಮಿಷ, ಹಿಂದೆ ಮಾರ್ಗದರ್ಶಕರಾದ ಮೇಡಂ ವೀಕ್ಷಣಾ ನಮೂನೆ ಹಿಡಿದು ಕೂತಿದ್ದಾರೆ. “ಸ್ವಲ್ಪ ಟೈಟ್ ಮಾಡಪ್ಪ” ಎಂದು ಮೆಲ್ಲಗೆ ಹೇಳಿದೆ. ಅಪ್ಪ ನನ್ನ ಮುಖ ನೋಡಿದರು, ಏನೂ ಅನ್ನದೆ ಸ್ಕ್ರೂ ತಿರುಗಿಸಿದರು. ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದಾಗ ಸದ್ದು ಇರಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. “ನೋಡಿದಿರಾ, ಅಂತರ ಹೆಚ್ಚಾಗಿತ್ತು” ಎಂದೆ.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು. “ಸರ್, ಪಟ್ಟಿ ಸರಿ ಇದೆ ಅಂತು. ಸದ್ದು ಸರಿ ಇಲ್ಲ ಅಂತು. ಯಾವುದು ಸುಳ್ಳು?”

ಗಂಟೆ ಹೊಡೆಯಿತು. “ನಾಳೆ ನೋಡೋಣ” ಎಂದು ತಪ್ಪಿಸಿಕೊಂಡೆ. ನಮೂನೆಯಲ್ಲಿ ಮೇಡಂ ಪೀಠಿಕೆಗೆ, ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೆ ಒಳ್ಳೆಯ ಅಂಕ ಕೊಟ್ಟು, ಕೆಳಗೆ ಒಂದೇ ಸಾಲು ಬರೆದಿದ್ದರು: “ಸದ್ದು ಹೋಯಿತು, ಕಾರಣ ಸಿಕ್ಕಿತೇ?”

ಮನೆಗೆ ಹೋಗುವಾಗ ಅಪ್ಪ ಬಾಯಿಬಿಟ್ಟರು. “ಎಕ್ಸಾಸ್ಟ್ ವಾಲ್ವನ್ನ ಅಂದಾಜಿಗೆ ಟೈಟ್ ಮಾಡಿ ಓಡಿಸಿದರೆ ಏನಾಗುತ್ತೆ ಗೊತ್ತಲ್ಲ?” ಗೊತ್ತಿತ್ತು. ಬಿಸಿಗೆ ವಾಲ್ವ್ ಉದ್ದವಾಗುತ್ತದೆ. ಅಂತರ ಸಾಲದಿದ್ದರೆ ಅದು ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ, ತನ್ನ ಶಾಖವನ್ನು ಸೀಟಿಗೆ ದಾಟಿಸಲಾರದೆ ಅಂಚು ಸುಟ್ಟುಹೋಗುತ್ತದೆ. ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸದ್ದೇ ಮಾಡದ ಬಿಗಿ ಟ್ಯಾಪೆಟ್ ಹೆಚ್ಚು ಕೆಡುಕಿನದು. ಇದು ತಿಳಿದೂ ನಾನು ಮಕ್ಕಳ ಮುಂದೆ ಹಾಗೆ ಮಾಡಿಸಿದ್ದೆ.

ಸಂಜೆ ಐದನೆಯದನ್ನು ಮತ್ತೆ ಮೊದಲಿನಂತೆ ಫೀಲರ್ ಪಟ್ಟಿಗೆ 0.015ಕ್ಕೆ ಹೊಂದಿಸಿ, ಲೇತ್ ಅಂಗಡಿಯಿಂದ ಎರವಲು ತಂದ ಡಯಲ್ ಗೇಜನ್ನು ರಾಕರಿನ ತುದಿಗೆ ನಿಲ್ಲಿಸಿ ಆಡಿಸಿದೆವು. ಮುಳ್ಳು 0.022 ತೋರಿಸಿತು. ರಾಕರ್ ಶಾಫ್ಟ್ ಬಿಚ್ಚಿ ತುದಿಯ ಮೇಲೆ ಉಗುರು ಎಳೆದರೆ ಉಗುರು ಸಿಕ್ಕಿಕೊಳ್ಳುತ್ತಿತ್ತು. ಹಳೆಯ ಎಂಜಿನ್ನಿನ ವಾಲ್ವ್ ಕಾಂಡ ಬಡಿದು ಬಡಿದು ಅಲ್ಲೊಂದು ತಗ್ಗು ಮಾಡಿತ್ತು. ಈಗಿನ ಹೊಸ ವಾಲ್ವ್ ಆ ತಗ್ಗಿನ ಒಳಗೆ ಬಡಿಯುತ್ತಿತ್ತು. ಗುಜರಿಯಲ್ಲಿ ಆರಿಸುವಾಗ ತುದಿಯನ್ನು ಬೆಳಕಿಗೆ ಹಿಡಿದು ನೋಡಿರಲಿಲ್ಲ.

ಮರುದಿನ ಆ ರಾಕರನ್ನೂ ಫೀಲರ್ ಗೇಜನ್ನೂ ತರಗತಿಗೆ ಒಯ್ದು, ಮೊದಲು ನಿನ್ನೆ ನಾನು ಹೇಳಿದ್ದು ತಪ್ಪು ಎಂದು ಕರಿಹಲಗೆಯ ಮೇಲೆ ಬರೆದೆ. ಆಮೇಲೆ ಎರಡನ್ನೂ ಆ ಹುಡುಗಿಯ ಕೈಗೆ ಕೊಟ್ಟೆ, ವಿವರಿಸಲಿಲ್ಲ. ಅವಳು ಪಟ್ಟಿಯನ್ನು ತುದಿಯ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಪಟ್ಟಿಯ ಕೆಳಗೆ ಬೆಳಕಿನ ಗೆರೆ.

“ಗುಂಡಿ ಮೇಲೆ ಹಲಗೆ ಇಟ್ಟ ಹಾಗಿದೆ ಸರ್. ಪಟ್ಟಿ ದಡದ ಮೇಲೆ ಕೂತಿದೆ. ಗುಂಡಿಯ ಆಳ ಅದಕ್ಕೆ ಗೊತ್ತೇ ಆಗಲ್ಲ.”

“ಆಳ ಎಷ್ಟು?” ಎಂದು ಕೇಳಿ, ಎರಡೂ ಅಳತೆ ಕೊಟ್ಟೆ. 0.007 ಇಂಚು ಎಂದು ಮೂರು ಮಕ್ಕಳು ಒಟ್ಟಿಗೆ ಕೂಗಿದರು. ಮಿಲಿಮೀಟರಿಗೆ ಪರಿವರ್ತಿಸುವುದನ್ನು ಮನೆಗೆಲಸಕ್ಕೆ ಬಿಟ್ಟೆ.

ಅಪ್ಪ ನಯವಾದ ತುದಿಯ ಬೇರೊಂದು ರಾಕರ್ ಹಾಕಿದರು. ಅಂತರ ಅದೇ 0.015. ಈಗ ಈ ಜಾತಿಯ ಎಂಜಿನ್ನಿಗೆ ಸಹಜವಾದ ಸಣ್ಣ ಟಿಕ್ ಅಷ್ಟೇ ಉಳಿದಿದೆ. ಪಾಠಯೋಜನೆಯ ‘ನಿರೀಕ್ಷಿತ ಉತ್ತರ’ವನ್ನು ಹೊಡೆದುಹಾಕಿ, ಆ ಜಾಗದಲ್ಲಿ ಹುಡುಗಿಯ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಬರೆದಿದ್ದೇನೆ. ಉಳಿದ ಏಳು ರಾಕರ್‌ಗಳನ್ನೂ ಮಕ್ಕಳು ತರಿಸಿಕೊಂಡು ಪಟ್ಟಿ ಇಟ್ಟು ಬೆಳಕಿಗೆ ಹಿಡಿದು ನೋಡಿದರು. ಇನ್ನೆರಡರಲ್ಲಿ ತಗ್ಗು ಶುರುವಾಗಿದೆಯಂತೆ.